ಮ್ಯಾಕುಲಾ ತೊಂದರೆ ಇದ್ದವರಿಗೆ ಕೂಲಿಂಗ್ ಗ್ಲಾಸ್: ಅಂಗಡಿಯೊಳಗೆ ಅಲ್ಲ, ಬಿಸಿಲಲ್ಲಿ ನಿಂತು ಆರಿಸಿ

ನಮ್ಮ ಅಮ್ಮನಿಗೆ ಎರಡೂ ಕಣ್ಣಿನಲ್ಲಿ ಮ್ಯಾಕುಲಾ ತೊಂದರೆ, ಅಂದರೆ ನೇರ ನೋಟಕ್ಕೆ ಬೇಕಾದ ಕಣ್ಣಿನ ಒಳಪರದೆಯ ನಡುಜಾಗದ ತೊಂದರೆ ಇದೆ. ಡಾಕ್ಟರು ಚೀಟಿಯಲ್ಲಿ ಡ್ರೈ ಎಎಂಡಿ ಅಂತ ಬರೆಯುತ್ತಾರೆ, ಅಂದರೆ ವಯಸ್ಸಿನಿಂದ ಬರುವ ಒಣ ಬಗೆಯದು. ಅದು ಗೊತ್ತಾಗುವ ಮೊದಲೇ ಪೊರೆ ಆಪರೇಷನ್ ಆಗಿತ್ತು. ಆಪರೇಷನ್ ಆದ ದಿನ ಕೊಡುತ್ತಾರಲ್ಲ, ಪಕ್ಕದಲ್ಲೂ ಮುಚ್ಚಿರುವ ಕಡುಗಪ್ಪು ಪ್ಲಾಸ್ಟಿಕ್ ಕನ್ನಡಕ, ಅಮ್ಮ ಅದನ್ನೇ ನಾಲ್ಕು ವರ್ಷ ಹಾಕಿಕೊಂಡು ಓಡಾಡಿದರು. ಬಿಸಿಲು ತಡೆಯುತ್ತೆ ಅಲ್ವಾ, ಇನ್ನೇನು ಬೇಕು ಅಂತ ನಾವೂ ಸುಮ್ಮನಿದ್ದೆವು.

ಮೈಸೂರಿನ ನಮ್ಮ ಮನೆಯ ಗೇಟು ದಾಟಿದರೆ ಚರಂಡಿಯ ಮೇಲೆ ಒಂದು ಕಲ್ಲು ಚಪ್ಪಡಿ ಇದೆ. ಅಲ್ಲಿಂದ ರಸ್ತೆಗೆ ಅರ್ಧ ಅಡಿ ಕೆಳಗೆ ಇಳಿಯಬೇಕು. ಒಂದು ಬೆಳಿಗ್ಗೆ ಅಮ್ಮ ಆ ಚಪ್ಪಡಿಯ ಅಂಚು ಕಾಣದೆ ಕಾಲನ್ನು ಗಾಳಿಯಲ್ಲಿ ಇಟ್ಟರು. ನಾನು ಪಕ್ಕದಲ್ಲೇ ಇದ್ದೆ, ತೋಳು ಹಿಡಿದುಕೊಂಡೆ. ಆಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಇದು ತೆಗೆದ್ರೆ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಹಾಕಿದ್ರೆ ನೆಲ ಕಾಣಲ್ಲ. ನಾನೇನು ಮಾಡ್ಲಿ?"

ಇಂಥ ಕಣ್ಣಿಗೆ ಕನ್ನಡಕ ಆರಿಸುವ ಕಷ್ಟವೆಲ್ಲ ಆ ಮಾತಿನಲ್ಲೇ ಇದೆ. ಕಣ್ಣಿಗೆ ಚುಚ್ಚುವ ಬೆಳಕನ್ನು ತೆಗೆಯಬೇಕು, ಆದರೆ ನೋಡುವುದಕ್ಕೆ ಬೇಕಾದ ಬೆಳಕನ್ನು ಉಳಿಸಬೇಕು. ಜಾಸ್ತಿ ಕಪ್ಪಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯನ್ನು ಮೊದಲು ತಲೆಯಿಂದ ತೆಗೆದುಹಾಕಿ. ನಾನು ಕಲಿತದ್ದನ್ನು, ಅಂಗಡಿ ಅಂಗಡಿ ಸುತ್ತಿ ಎರಡು ಸಲ ದುಡ್ಡು ಕಳೆದುಕೊಂಡು ತಿಳಿದುಕೊಂಡದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಬೆಳಕು ಯಾಕೆ ಚುಚ್ಚುತ್ತದೆ

ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅದರ ಮಧ್ಯದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಒಂದು ಜಾಗವೇ ಮ್ಯಾಕುಲಾ. ಜಾಗ ಸಣ್ಣದು, ಕೆಲಸ ದೊಡ್ಡದು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಎಲ್ಲ ಅದರದ್ದೇ. ಅದು ಹಾಳಾದರೆ ಪಕ್ಕದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಂಜು ಮಂಜು.

ಮ್ಯಾಕುಲಾದ ಬಣ್ಣ ಹಳದಿ. ಆ ಹಳದಿ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಅಂದರೆ ದೇವರು ಒಳಗೇ ಒಂದು ಹಳದಿ ಗಾಜು ಇಟ್ಟಿದ್ದಾನೆ ಅನ್ನಿ. ಹಳದಿ, ಕಿತ್ತಳೆ, ಕಂದು ಗಾಜುಗಳು ಹೊರಗಿನಿಂದ ಮಾಡುವುದೂ ಹೆಚ್ಚು ಕಡಿಮೆ ಅದೇ ಕೆಲಸ.

ಇನ್ನೊಂದು ವಿಷಯ ನನಗೆ ತುಂಬ ತಡವಾಗಿ ಗೊತ್ತಾಯಿತು. ಜೋರು ಬೆಳಕು ನೋಡಿದ ಮೇಲೆ ಕಣ್ಣು ಒಂದು ಕ್ಷಣ ಕತ್ತಲೆ ಕಟ್ಟುತ್ತದಲ್ಲ, ಸಾಮಾನ್ಯ ಕಣ್ಣು ಒಂದು ನಿಮಿಷದೊಳಗೆ ಸುಧಾರಿಸಿಕೊಳ್ಳುತ್ತದೆ. ಮ್ಯಾಕುಲಾ ಸರಿ ಇಲ್ಲದ ಕಣ್ಣಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಡಾಕ್ಟರುಗಳು ಇದನ್ನೇ ಒಂದು ಪರೀಕ್ಷೆಯಾಗಿ ಮಾಡುತ್ತಾರೆ, ಟಾರ್ಚಿನ ಬೆಳಕು ಬಿಟ್ಟು ಮತ್ತೆ ಅಕ್ಷರ ಓದಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುತ್ತಾರೆ. ಬಿಸಿಲಿನಿಂದ ಒಳಗೆ ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ನಾನು "ಬಾ ಅಮ್ಮ, ಯಾಕೆ ನಿಂತೆ" ಅಂತ ಕೈ ಎಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ.

ಕನ್ನಡಕಕ್ಕೆ ಮೊದಲು ಡಾಕ್ಟರ ಹತ್ತಿರ ಕೇಳಬೇಕಾದ್ದು

ಬೆಳಕು ಚುಚ್ಚುವುದಕ್ಕೆಲ್ಲ ಮ್ಯಾಕುಲಾನೇ ಕಾರಣ ಅಂದುಕೊಳ್ಳಬೇಡಿ. ಪೊರೆ ಬೆಳೆಯುತ್ತಿದ್ದರೂ ಹೀಗೇ ಆಗುತ್ತದೆ. ಪೊರೆ ಆಪರೇಷನ್ ಆಗಿ ಒಂದೆರಡು ವರ್ಷದ ಮೇಲೆ, ಒಳಗಿಟ್ಟ ಲೆನ್ಸಿನ ಹಿಂದಿನ ತೆಳು ಪದರ ಮಸುಕಾಗುವುದುಂಟು, ಅದನ್ನು ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ ಸರಿ ಮಾಡುತ್ತಾರೆ. ಕಣ್ಣು ಒಣಗಿದ್ದರೂ ಬೆಳಕು ತಡೆಯಲಾಗುವುದಿಲ್ಲ. ಇವೆಲ್ಲ ಸರಿ ಮಾಡಬಹುದಾದವು. ಅವನ್ನು ಬಿಟ್ಟು ಮೊದಲೇ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಮತ್ತೆ ಇದೊಂದು ಮಾತು ಮುಖ್ಯ. ಬೆಳಕಿನ ತೊಂದರೆ ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಕಿಟಕಿಯ ಸರಳು ಅಥವಾ ಬಾಗಿಲ ಚೌಕಟ್ಟು ಸೊಟ್ಟಗೆ ಅಲೆ ಅಲೆಯಾಗಿ ಕಂಡರೆ, ನಡುವೆ ಹೊಸದಾಗಿ ಕಪ್ಪು ಮಚ್ಚೆ ಬಂದರೆ, ಅದು ಕನ್ನಡಕದ ವಿಷಯವೇ ಅಲ್ಲ. ಒಣ ಬಗೆ ಒದ್ದೆ ಬಗೆಗೆ, ಅಂದರೆ ಮ್ಯಾಕುಲಾದ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರುವ ಬಗೆಗೆ ತಿರುಗಿರಬಹುದು, ಅದಕ್ಕೆ ಕಣ್ಣಿಗೆ ಇಂಜೆಕ್ಷನ್ ಬೇಕಾಗುತ್ತದೆ, ತಡ ಮಾಡಿದಷ್ಟೂ ನಷ್ಟ. ಒಂದೆರಡು ದಿನದೊಳಗೆ ರೆಟಿನಾ ಡಾಕ್ಟರ ಹತ್ತಿರ ಹೋಗಿ. ನಾವು ಮನೆಯಲ್ಲಿ ವಾರಕ್ಕೆ ಎರಡು ಸಲ, ಒಂದೊಂದೇ ಕಣ್ಣು ಮುಚ್ಚಿಸಿ ಅಮ್ಮನಿಗೆ ಹಾಲಿನ ಕಿಟಕಿಯ ಸರಳು ತೋರಿಸುತ್ತೇವೆ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ, ಅದಕ್ಕೇ ಒಂದೊಂದೇ ಕಣ್ಣು.

ಕೂಲಿಂಗ್ ಗ್ಲಾಸು ಮ್ಯಾಕುಲಾ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ಎದ್ದು ಬನ್ನಿ. ಅದು ಕೊಡುವುದು ನೆಮ್ಮದಿ, ಮತ್ತು ಉಳಿದಿರುವ ದೃಷ್ಟಿಯನ್ನು ಚೆನ್ನಾಗಿ ಬಳಸುವ ಅನುಕೂಲ.

ಎಷ್ಟು ಕಪ್ಪು ಬೇಕು

ಒಳ್ಳೆಯ ಕಂಪನಿಯ ಕನ್ನಡಕದ ಕಡ್ಡಿಯ ಒಳಗೆ ಅಥವಾ ಜೊತೆಗಿನ ಚೀಟಿಯಲ್ಲಿ ಕ್ಯಾಟಗರಿ ಅಂತ 0ಯಿಂದ 4ರವರೆಗೆ ಒಂದು ಅಂಕಿ ಇರುತ್ತದೆ. ಗಾಜು ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವ ಲೆಕ್ಕ ಅದು. 0 ಅಂದರೆ ಹೆಚ್ಚು ಕಡಿಮೆ ಬಿಳಿ ಗಾಜು, ಶೇಕಡಾ 80ಕ್ಕಿಂತ ಜಾಸ್ತಿ ಬಿಡುತ್ತದೆ. 1 ಅಂದರೆ 43ರಿಂದ 80. 2 ಅಂದರೆ 18ರಿಂದ 43. 3 ಅಂದರೆ 8ರಿಂದ 18, ಅಂಗಡಿಯಲ್ಲಿ ಮಾರುವ ಮಾಮೂಲಿ ಕೂಲಿಂಗ್ ಗ್ಲಾಸು ಸಾಮಾನ್ಯವಾಗಿ ಇದೇ. 4 ಅಂದರೆ 3ರಿಂದ 8 ಮಾತ್ರ, ಹಿಮದ ಬೆಟ್ಟ ಹತ್ತುವವರಿಗೆ. ಅದನ್ನು ಹಾಕಿಕೊಂಡು ಗಾಡಿ ಓಡಿಸುವ ಹಾಗೇ ಇಲ್ಲ.

ಮ್ಯಾಕುಲಾ ತೊಂದರೆ ಇರುವ ವಯಸ್ಸಾದವರಿಗೆ ಕ್ಯಾಟಗರಿ 2ರಿಂದ ಶುರು ಮಾಡಿ ನೋಡಿ ಅನ್ನುವುದು ನನ್ನ ಸಲಹೆ. ಸಾಲದಿದ್ದರೆ 3ಕ್ಕೆ ಹೋಗಿ. ಮೇಲಿನಿಂದ ಕೆಳಗೆ ಬರಬೇಡಿ, ಯಾಕೆಂದರೆ ಕಡುಗಪ್ಪು ಹಾಕಿದ ಕೂಡಲೇ "ಆಹಾ, ತಣ್ಣಗಿದೆ" ಅನಿಸುತ್ತದೆ, ಅಂಗಡಿಯ ಕುರ್ಚಿಯಲ್ಲಿ ಕೂತಾಗ ಕಾಣಬೇಕಾದ್ದು ಏನೂ ಇರುವುದಿಲ್ಲವಲ್ಲ. ಅದರ ಬೆಲೆ ಗೊತ್ತಾಗುವುದು ಮೆಟ್ಟಿಲು ಇಳಿಯುವಾಗ. ಅಮ್ಮನ ಆ ಹಳೆಯ ಕಪ್ಪು ಕನ್ನಡಕದಲ್ಲಿ ಬೂದು ಚಪ್ಪಡಿ, ಬೂದು ರಸ್ತೆ, ನಡುವಿನ ನೆರಳು ಮೂರೂ ಒಂದೇ ಆಗಿಬಿಡುತ್ತಿತ್ತು.

ಬಣ್ಣ: ಇದಕ್ಕೇ ಜಾಸ್ತಿ ಹೊತ್ತು ಕೊಡಿ

ಹಳದಿ, ಕಿತ್ತಳೆ, ಜೇನುಬಣ್ಣ, ಕಂದು: ಇವು ನೀಲಿ ಬೆಳಕನ್ನು ಕಡಿಮೆ ಮಾಡಿ ವಸ್ತುವಿನ ಅಂಚನ್ನು ಎದ್ದು ಕಾಣಿಸುತ್ತವೆ. ತುಂಬ ಜನರಿಗೆ ಇವುಗಳಲ್ಲೇ ಒಂದು ಹಿಡಿಸುತ್ತದೆ. ಬೂದು ಗಾಜು ಎಲ್ಲ ಬಣ್ಣವನ್ನೂ ಸಮನಾಗಿ ತಗ್ಗಿಸುತ್ತದೆ, ಬಣ್ಣ ಇದ್ದ ಹಾಗೇ ಕಾಣುತ್ತದೆ, ಆದರೆ ಅಂಚು ಎದ್ದು ಕಾಣುವುದಿಲ್ಲ. ಹಸಿರು ಇವೆರಡರ ನಡುವೆ. ಕೆಂಪಿನ ಕಡೆಗಿರುವ ಕಡು ಬಣ್ಣಗಳು ಬೆಳಕನ್ನು ಒಂಚೂರೂ ತಡೆಯಲಾಗದವರಿಗೆ, ಹುಟ್ಟಿನಿಂದಲೇ ಬಣ್ಣ ಗುರುತಿಸುವ ಕೋನ್ ಕೋಶಗಳ ತೊಂದರೆ ಇರುವಂಥವರಿಗೆ, ತಜ್ಞರು ನೋಡಿ ಕೊಡುವಂಥವು.

ಯಾವ ಬಣ್ಣ ಒಳ್ಳೆಯದು ಅಂತ ಕೇಳಿದರೆ ನಿಜವಾದ ಉತ್ತರ, ಹಾಕಿ ನೋಡಿದ ಮೇಲೇ ಗೊತ್ತಾಗುವುದು. ಒಂದೇ ಕಾಯಿಲೆ ಇರುವ ಇಬ್ಬರಿಗೆ ಬೇರೆ ಬೇರೆ ಬಣ್ಣ ಹಿಡಿಸಬಹುದು. ನಮ್ಮ ಪಕ್ಕದ ಮನೆಯ ಮಾವನಿಗೆ ಸಕ್ಕರೆ ಕಾಯಿಲೆಯಿಂದ ಮ್ಯಾಕುಲಾದಲ್ಲಿ ಬಾವು ಬಂದಿತ್ತು. ಅಮ್ಮನಿಗೆ ಹಿಡಿಸಿದ ಜೇನುಬಣ್ಣದ್ದನ್ನು ಅವರಿಗೂ ಹಾಕಿ ನೋಡಿದೆವು. ಎರಡೇ ನಿಮಿಷಕ್ಕೆ ತೆಗೆದುಕೊಟ್ಟರು, ಅವರಿಗೆ ಬೂದುಬಣ್ಣವೇ ಹಿತ.

ಹಾಗಾದರೆ ಹೇಗೆ ನೋಡಬೇಕು? ಮೊದಲ ಸಲ ನಾನು ಅಮ್ಮನನ್ನು ಅಂಗಡಿಯೊಳಗೆ ಕನ್ನಡಿ ಮುಂದೆ ಕೂರಿಸಿ, ಟ್ಯೂಬ್‌ಲೈಟಿನ ಕೆಳಗೆ ಕಡು ಕಂದು ಆರಿಸಿದೆ. ಅದು ದಂಡವಾಯಿತು. ಎರಡನೆಯ ಸಲ ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದೆ. ಅದೂ ದಂಡ. ಮೂರನೆಯ ಸಲ ಬೇರೆ ಅಂಗಡಿಗೆ ಹೋಗಿ, "ಸ್ವಾಮಿ, ಇವರನ್ನು ಹೊರಗೆ ನಿಲ್ಲಿಸಿ ನೋಡಬೇಕು, ಮೂರು ನಾಲ್ಕು ಬಣ್ಣ ಕೊಡಿ" ಅಂದೆ. ಅಂಗಡಿಯವರು ಬೇಸರ ಪಡಲಿಲ್ಲ, ತಾವೇ ಟ್ರೇ ಹಿಡಿದುಕೊಂಡು ಫುಟ್‌ಪಾತಿಗೆ ಬಂದರು. ಸಂಜೆ ನಾಲ್ಕು ಗಂಟೆ. ಆ ಹೊತ್ತನ್ನು ಬೇಕೆಂದೇ ಆರಿಸಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಹುಬ್ಬು, ಟೋಪಿ ಸ್ವಲ್ಪ ತಡೆಯುತ್ತವೆ. ಬೆಳಿಗ್ಗೆ ಎಂಟು, ಸಂಜೆ ನಾಲ್ಕೂವರೆಗೆ ಕೆಳಗಿರುತ್ತಾನೆ, ಬೆಳಕು ಓರೆಯಾಗಿ ಕಣ್ಣಿಗೇ ಬೀಳುತ್ತದೆ.

ಅಲ್ಲಿ ಮೂರು ಕೆಲಸ ಮಾಡಿಸಿದೆ. ಒಂದು, ಫುಟ್‌ಪಾತಿನ ಅಂಚು ಎಲ್ಲಿದೆ ಅಂತ ಕಾಲಿನಿಂದ ಅಲ್ಲ, ಬಾಯಲ್ಲಿ ಹೇಳಿಸಿದೆ. ಎರಡು, ನಾನು ಸೂರ್ಯನಿಗೆ ಬೆನ್ನು ಮಾಡಿ ನಿಂತು "ನನ್ನ ಮುಖ ಕಾಣುತ್ತಾ? ನಗ್ತಾ ಇದೀನಾ?" ಅಂತ ಕೇಳಿದೆ. ಬೆಳಕಿಗೆ ಬೆನ್ನು ಮಾಡಿದವರ ಮುಖ ಮ್ಯಾಕುಲಾ ತೊಂದರೆಯವರಿಗೆ ಬರೀ ಕಪ್ಪು. ಮೂರು, ಬರುತ್ತಿದ್ದ ಸಿಟಿ ಬಸ್ಸಿನ ನಂಬರ್ ಎಷ್ಟು ದೂರದಲ್ಲಿ ಗೊತ್ತಾಗುತ್ತದೆ ಅಂತ ನೋಡಿದೆವು. ಬೂದು ಗಾಜಿನಲ್ಲಿ ಅಂಚು ಸಿಗಲಿಲ್ಲ. ಹಳದಿಯಲ್ಲಿ ಅಂಚು ಸಿಕ್ಕಿತು, ಆದರೆ ಕಣ್ಣು ಇನ್ನೂ ಕಿರಿದು ಮಾಡುತ್ತಿದ್ದರು. ಜೇನುಬಣ್ಣದ್ದು ಹಾಕಿದಾಗ ಅಮ್ಮ ಮಾತಾಡಲೇ ಇಲ್ಲ, ಕೆಳಗೆ ನೋಡಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿ, ನನ್ನ ಕೈ ಹಿಡಿಯದೆ ರಸ್ತೆಗೆ ಇಳಿದರು.

ಒಂದು ಎಚ್ಚರಿಕೆ. ಒಂದಾದ ಮೇಲೆ ಒಂದು ಟಪ ಟಪ ಅಂತ ಬದಲಿಸಬೇಡಿ. ಮೇಲೆ ಹೇಳಿದೆನಲ್ಲ, ಈ ಕಣ್ಣು ಸುಧಾರಿಸಿಕೊಳ್ಳಲು ಹೊತ್ತು ಬೇಕು. ನಡುವೆ ಬರಿಗಣ್ಣಿಗೆ ಬಿಸಿಲು ಬಿದ್ದರೆ ಮುಂದಿನ ಕನ್ನಡಕ ಎಷ್ಟೇ ಚೆನ್ನಾಗಿದ್ದರೂ ಮಂಕಾಗಿಯೇ ಕಾಣುತ್ತದೆ. ಒಂದು ನೋಡಿದ ಮೇಲೆ ಎರಡು ಮೂರು ನಿಮಿಷ ನೆರಳಲ್ಲಿ ನಿಲ್ಲಿಸಿ, ಅಲ್ಲೇ ಮುಂದಿನದನ್ನು ಹಾಕಿ, ಆಮೇಲೆ ಬಿಸಿಲಿಗೆ ಕರೆದುಕೊಂಡು ಬನ್ನಿ. ಎಲ್ಲ ಸೇರಿ ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಪಕ್ಕದಿಂದ, ಮೇಲಿನಿಂದ ಬರುವ ಬೆಳಕು

ಜನ ಗಾಜಿನ ಬಗ್ಗೆಯೇ ಯೋಚಿಸುತ್ತಾರೆ, ಫ್ರೇಮಿನ ಬಗ್ಗೆ ಯೋಚಿಸುವುದಿಲ್ಲ. ಸಣ್ಣ ಫ್ಯಾಷನ್ ಫ್ರೇಮಿನಲ್ಲಿ ಎಷ್ಟೇ ಒಳ್ಳೆಯ ಗಾಜು ಹಾಕಿದರೂ ಹುಬ್ಬಿನ ಮೇಲಿಂದ, ಕಿವಿಯ ಕಡೆಯಿಂದ ಬೆಳಕು ನುಗ್ಗುತ್ತದೆ. ಮುಂದಿನ ಗಾಜು ಕಪ್ಪಾಗಿದ್ದಾಗ ಕಣ್ಣಿನ ಪಾಪೆ ಹಿಗ್ಗಿರುತ್ತದೆ, ಹಾಗಾಗಿ ಪಕ್ಕದ ಬೆಳಕು ಇನ್ನೂ ಜಾಸ್ತಿ ಕಾಡುತ್ತದೆ. ಮುಖಕ್ಕೆ ಸುತ್ತಿಕೊಳ್ಳುವಂಥ ಅಗಲದ ಫ್ರೇಮ್ ಬೇಕು, ಮೇಲೆ ಹುಬ್ಬಿಗೆ ತಾಗುವ ಹಾಗೆ ಒಂದು ಅಂಚು ಇದ್ದರೆ ಇನ್ನೂ ಒಳ್ಳೆಯದು.

ಪವರ್ ಕನ್ನಡಕ ಇರುವವರಿಗೆ ಫಿಟ್ ಓವರ್ ಅನ್ನುವ ಬಗೆ ಸಿಗುತ್ತದೆ. ನಂಬರ್ ಕನ್ನಡಕದ ಮೇಲೇ ಇದನ್ನು ಹಾಕಿಕೊಳ್ಳುವುದು. ಪಕ್ಕದಲ್ಲೂ ಅದೇ ಬಣ್ಣದ ಗಾಜಿನ ಕಿಟಕಿ ಇರುತ್ತದೆ, ಹಾಗಾಗಿ ಪಕ್ಕದಿಂದ ಬರುವ ಸ್ಕೂಟರ್ ಕಾಣುತ್ತದೆ. ಇದು ತುಂಬ ಮುಖ್ಯ. ಮ್ಯಾಕುಲಾ ಹೋದವರಿಗೆ ಉಳಿದಿರುವುದೇ ಪಕ್ಕದ ನೋಟ, ಅದನ್ನು ದಪ್ಪ ಕಡ್ಡಿಯಿಂದ ಮುಚ್ಚಿದರೆ ಕಸಿದುಕೊಂಡ ಹಾಗೇ. ಅಮ್ಮನಿಗೆ ಕೊನೆಗೆ ತೆಗೆದುಕೊಂಡದ್ದು ಇಂಥದ್ದೇ. ನಂಬರ್ ಬದಲಾದರೂ ಇದು ಬದಲಾಗಬೇಕಿಲ್ಲ, ದುಡ್ಡೂ ಉಳಿಯುತ್ತದೆ. ಕೊಳ್ಳುವಾಗ ಒಳಗಿನ ಕನ್ನಡಕ ಹಾಕಿಕೊಂಡೇ ಹೋಗಿ, ತಲೆ ಬಗ್ಗಿಸಿ ಅಲ್ಲಾಡಿಸಿ ನೋಡಿ, ಜಾರಿದರೆ ಬೇಡ.

ಟೋಪಿ ಮರೆಯಬೇಡಿ. ಮೂರು ಇಂಚು ಅಂಚಿರುವ ಟೋಪಿಯೊಂದು ಇದ್ದರೆ ಗಾಜು ಒಂದು ದರ್ಜೆ ತೆಳುವಾಗಿದ್ದರೂ ನಡೆಯುತ್ತದೆ, ಅಂದರೆ ನೆಲ ಅಷ್ಟು ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆ ಹಿರಿಯರು ಹಾಕುವ ಗಾಂಧಿ ಟೋಪಿಗೆ ಅಂಚಿಲ್ಲ, ಅದು ಕಣ್ಣಿಗೆ ನೆರಳು ಕೊಡುವುದಿಲ್ಲ. ಅಮ್ಮ ಟೋಪಿ ಹಾಕಲು ಸುತರಾಂ ಒಪ್ಪಲಿಲ್ಲ. ಸರಿ, ಛತ್ರಿ. ಒಳಗಡೆ ಬೆಳ್ಳಿ ಬಣ್ಣ ಇರುವ ಛತ್ರಿ ಬೇಡ, ನೆಲದ ಬೆಳಕನ್ನು ಮುಖಕ್ಕೇ ಹೊಡೆಯುತ್ತದೆ. ಒಳಗೆ ಕಪ್ಪಿರಲಿ.

ಪೋಲರೈಸ್ಡ್ ಬೇಕಾ?

ನೀರು, ಒದ್ದೆ ರಸ್ತೆ, ಕಾರಿನ ಬಾನೆಟ್, ಇಂಥ ಮಟ್ಟಸವಾದ ಜಾಗದಿಂದ ಹೊಡೆದು ಬರುವ ಝಳಪನ್ನು ಪೋಲರೈಸ್ಡ್ ಗಾಜು ತಡೆಯುತ್ತದೆ. ಬೇರೆ ಬೆಳಕಿಗೆ ಅದು ಮಾಮೂಲಿ ಗಾಜಿನ ಹಾಗೇ. ಅಮ್ಮ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅಪ್ಪನ ಜೊತೆ ನಡೆಯುತ್ತಾರೆ. ಅಲ್ಲಿ ಮುಳುಗುವ ಸೂರ್ಯ ನೀರಿನ ಮೇಲೆ ಬಿದ್ದು ಹೊಳೆಯುತ್ತದೆ, ಅದಕ್ಕೇ ಹೆದರಿ ಒಂದು ವರ್ಷ ಹೋಗುವುದನ್ನೇ ಬಿಟ್ಟಿದ್ದರು. ಪೋಲರೈಸ್ಡ್ ಹಾಕಿದ ದಿನ ನೀರಿನ ಮೇಲಿನ ಆ ಬಿಳಿ ಪಟ್ಟಿ ಹೋಗಿ ನೀರಿನ ಬಣ್ಣ ಕಂಡಿತು ಅಂದರು.

ಆದರೆ ಎರಡು ತೊಂದರೆ. ಫೋನು, ಎಟಿಎಂ ಪರದೆಗಳು ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತವೆ. ಮತ್ತೆ ನೆಲ ಒದ್ದೆ ಇದೆ ಅಂತ ನಮಗೆ ಗೊತ್ತಾಗುವುದೇ ಹೊಳಪಿನಿಂದ, ಆ ಹೊಳಪನ್ನೇ ಇದು ತೆಗೆದುಬಿಡುತ್ತದೆ. ಮಳೆಗಾಲದಲ್ಲಿ ಟೈಲ್ಸ್ ಹಾಕಿದ ಜಗಲಿ, ದೇವಸ್ಥಾನದ ಕಲ್ಲು ಹಾಸಿನ ಮೇಲೆ ಹುಷಾರು.

ನಿಜವಾಗಿ ಪೋಲರೈಸ್ಡ್ ಹೌದೋ ಅಲ್ಲವೋ ನೋಡುವುದು ಸುಲಭ. ಅಂಗಡಿಯಲ್ಲಿ ಎರಡು ಪೋಲರೈಸ್ಡ್ ಕನ್ನಡಕ ತೆಗೆದುಕೊಂಡು ಒಂದರ ಗಾಜಿನ ಮುಂದೆ ಇನ್ನೊಂದರ ಗಾಜು ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಅಡ್ಡ ಒಂದು ಉದ್ದ ಆದಾಗ ಹೆಚ್ಚು ಕಡಿಮೆ ಪೂರ್ತಿ ಕತ್ತಲಾಗಬೇಕು. ಆಗಲಿಲ್ಲವೇ, ಎರಡರಲ್ಲಿ ಒಂದು ಸುಳ್ಳು.

ಯುವಿ, ಮತ್ತೆ ಬಿಸಿಲಿಗೆ ಬಣ್ಣ ಬದಲಿಸುವ ಗಾಜು

ಯುವಿ 400 ಅಂದರೆ 400 ನ್ಯಾನೋಮೀಟರ್‌ವರೆಗಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಅಂತ. ಇದು ಇರಲೇಬೇಕು. ಗಾಜಿನ ಕಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಬಿಳಿ ಗಾಜಿಗೂ ಯುವಿ ತಡೆ ಇರಬಹುದು, ಕಡುಗಪ್ಪಿಗೂ ಇಲ್ಲದಿರಬಹುದು. ತುಂಬ ಆಪ್ಟಿಕಲ್ ಅಂಗಡಿಗಳಲ್ಲಿ ಇದನ್ನು ಅಳೆಯುವ ಪುಟ್ಟ ಯಂತ್ರ ಇದೆ, ಕೇಳಿದರೆ ಅರ್ಧ ನಿಮಿಷದಲ್ಲಿ ತೋರಿಸುತ್ತಾರೆ. ರಸ್ತೆ ಬದಿಯ ಕನ್ನಡಕದಲ್ಲಿ ನನಗೆ ಯುವಿಗಿಂತ ಜಾಸ್ತಿ ಚಿಂತೆ ಗಾಜಿನ ಗುಣಮಟ್ಟದ್ದು. ಕನ್ನಡಕವನ್ನು ಕೈ ಉದ್ದಕ್ಕೆ ಹಿಡಿದು ಬಾಗಿಲ ಚೌಕಟ್ಟಿನ ನೇರ ಗೆರೆ ನೋಡುತ್ತಾ ಮೇಲೆ ಕೆಳಗೆ ಆಡಿಸಿ. ಗೆರೆ ಅಲೆಯಾಡಿದರೆ ಗಾಜು ಸರಿ ಇಲ್ಲ. ಮೊದಲೇ ಗೆರೆ ಸೊಟ್ಟ ಕಾಣುವ ಕಣ್ಣಿಗೆ ಅಂಥದ್ದು ಹಾಕಿಸಬೇಡಿ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜನ್ನು ಎಲ್ಲರೂ ಹೊಗಳುತ್ತಾರೆ. ಮ್ಯಾಕುಲಾ ತೊಂದರೆಯವರಿಗೆ ಅದೊಂದೇ ಸಾಕು ಅಂತ ನನಗೆ ಅನಿಸುವುದಿಲ್ಲ. ಸಯ್ಯಾಜಿರಾವ್ ರಸ್ತೆಯ ಬಿಸಿಲಿನಿಂದ ದೇವರಾಜ ಮಾರುಕಟ್ಟೆಯ ಒಳಗೆ ಕಾಲಿಡಿ, ಎರಡು ಹೆಜ್ಜೆಗೆ ಬೆಳಕೇ ಬೇರೆ. ಆ ಗಾಜು ತಿಳಿಯಾಗಲು ಕೆಲವು ನಿಮಿಷ ಬೇಕು, ಕಣ್ಣಿಗೂ ಅಷ್ಟೇ ಹೊತ್ತು ಬೇಕು, ಎರಡೂ ಸೇರಿದರೆ ಎದುರಿಗಿರುವ ಬುಟ್ಟಿ ಕಾಣುವುದಿಲ್ಲ. ಕಾರಿನೊಳಗೆ ಮುಂದಿನ ಗಾಜೇ ಯುವಿ ತಡೆಯುವುದರಿಂದ ಅದು ಸರಿಯಾಗಿ ಕಪ್ಪಾಗುವುದೂ ಇಲ್ಲ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಇನ್ನೊಂದು ತೊಡಕು, ಸೆಖೆ ಜಾಸ್ತಿಯಾದಷ್ಟೂ ಈ ಗಾಜು ಕಡಿಮೆ ಕಪ್ಪಾಗುತ್ತದೆ. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಫಿಟ್ ಓವರ್ ವಾಸಿ.

ಮೋಡದ ದಿನ, ಮನೆಯೊಳಗೆ, ರಾತ್ರಿ

ಬಿಸಿಲಿದ್ದರೆ ಮಾತ್ರ ತೊಂದರೆ ಅಂತ ಅಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆಕಾಶವೆಲ್ಲ ಒಂದೇ ಸಮ ಬೆಳ್ಳಗೆ ಬೆಳಗುತ್ತಿರುತ್ತದಲ್ಲ, ಅದೂ ಕಣ್ಣಿಗೆ ಹಿಂಸೆ, ಯಾವ ಕಡೆ ತಿರುಗಿದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಅಂಥ ದಿನಕ್ಕೆ ತಿಳಿ ಹಳದಿ ಅಥವಾ ತಿಳಿ ಕಿತ್ತಳೆ, ಕ್ಯಾಟಗರಿ 1, ಜೊತೆಗೆ ಅಂಚಿನ ಟೋಪಿ. ಬೆಂಗಳೂರಿನಲ್ಲಿ ಈಗ ಎಷ್ಟೋ ರಸ್ತೆಗೆ ಬಿಳಿ ಕಾಂಕ್ರೀಟ್ ಹಾಕಿದ್ದಾರೆ, ಟಾರು ರಸ್ತೆಗಿಂತ ಅದು ಬೆಳಕು ವಾಪಸು ಹೊಡೆಯುವುದು ಜಾಸ್ತಿ. ಅಕ್ಕನ ಮನೆಗೆ ಹೋದಾಗ ಅಮ್ಮ ಅಲ್ಲಿ ಕ್ಯಾಟಗರಿ 3 ಹಾಕಿಕೊಳ್ಳುತ್ತಾರೆ.

ಮನೆಯೊಳಗೆ ಕಪ್ಪು ಕನ್ನಡಕ ಹಾಕಿ ಕೂರಿಸಬೇಡಿ. ಕಣ್ಣು ಕತ್ತಲೆಗೆ ಒಗ್ಗಿಹೋಗಿ, ಆಮೇಲೆ ಮಾಮೂಲಿ ಬೆಳಕೂ ಚುಚ್ಚಲು ಶುರುವಾಗುತ್ತದೆ. ಈ ಕಣ್ಣಿಗೆ ಓದಲು ಬೆಳಕು ಜಾಸ್ತಿಯೇ ಬೇಕು, ಆದರೆ ಅದು ಪುಸ್ತಕದ ಮೇಲೆ ಬೀಳಬೇಕು, ಕಣ್ಣಿಗೆ ಬೀಳಬಾರದು. ದೀಪ ಹೆಗಲ ಹಿಂದಿನಿಂದ ಬರಲಿ. ಕಿಟಕಿಗೆ ಬೆನ್ನು ಮಾಡಿ ಕೂರಲಿ. ಬಲ್ಬಿನ ಡಬ್ಬಿಯ ಮೇಲೆ 6500ಕೆ ಅಂತ ಇದ್ದರೆ ಅದು ನೀಲಿ ಛಾಯೆಯ ಬಿಳಿ, 2700 ಅಥವಾ 3000ಕೆ ಅಂದರೆ ಹಳದಿ ಛಾಯೆ. ನಾವು ಹಾಲಿನಲ್ಲಿ 3000ಕೆ ಹಾಕಿ, ಹೊಳೆಯುವ ಬಿಳಿ ಟೈಲ್ಸಿನ ಮೇಲೆ ಕಿಟಕಿಯ ಬೆಳಕು ಬೀಳುವ ಕಡೆ ಬಣ್ಣದ ಚಾಪೆ ಹಾಸಿದೆವು. ಮನೆಯೊಳಗೆ ಕನ್ನಡಕವೇ ಬೇಡವಾಯಿತು. ಚಾಪೆಯ ಕೆಳಗೆ ಜಾರದ ಹಾಗೆ ರಬ್ಬರ್ ಹಾಕಿ.

ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸ್ ಹಾಕಿಸಿ, ಮ್ಯಾಕುಲಾ ಉಳಿಯುತ್ತದೆ ಅಂತ ಅಂಗಡಿಗಳಲ್ಲಿ ಹೇಳುತ್ತಾರೆ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕಂಪ್ಯೂಟರ್ ನೋಡುವಾಗಿನ ಕಣ್ಣು ದಣಿವಿಗೂ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ರೆಟಿನಾ ಕಾಪಾಡುತ್ತದೆ ಅನ್ನುವುದಕ್ಕೆ ಆಧಾರವೂ ಸಿಗಲಿಲ್ಲ. ಬಣ್ಣವೇ ಕಾಣದ ಆ ತಿಳಿ ಲೇಪನ ಬೇರೆ, ನಾನು ಮೇಲೆ ಹೇಳಿದ ಹಳದಿ, ಜೇನುಬಣ್ಣದ ಗಾಜು ಬೇರೆ. ದುಡ್ಡು ಹಾಕುವುದಿದ್ದರೆ ಗಾಜಿನ ಒಳಮೈಗೆ ಆ್ಯಂಟಿ ರಿಫ್ಲೆಕ್ಷನ್ ಲೇಪನ ಹಾಕಿಸಿ, ಹಿಂದಿನಿಂದ ಬಿದ್ದ ಬೆಳಕು ಗಾಜಿಗೆ ಬಡಿದು ಕಣ್ಣಿಗೆ ಬರುವುದು ತಪ್ಪುತ್ತದೆ.

ರಾತ್ರಿ ಗಾಡಿ ಓಡಿಸಲು ಅಂತ ಮಾರುವ ಹಳದಿ ಕನ್ನಡಕ ಕೊಳ್ಳಬೇಡಿ. ಕತ್ತಲಲ್ಲಿ ಯಾವ ಬಣ್ಣವಾದರೂ ಇರುವ ಬೆಳಕನ್ನು ಕಡಿಮೆಯೇ ಮಾಡುವುದು. ಹಗಲಲ್ಲೂ ಕಡು ಕಿತ್ತಳೆ, ಕೆಂಪು ಗಾಜಿನಲ್ಲಿ ಸಿಗ್ನಲ್ ದೀಪದ ಬಣ್ಣ ಬದಲಾಗಿ ಕಾಣುತ್ತದೆ. ಮ್ಯಾಕುಲಾ ತೊಂದರೆ ಇರುವವರು ಗಾಡಿ ಓಡಿಸಬಹುದೋ ಇಲ್ಲವೋ ಅನ್ನುವುದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ಮಕ್ಕಳಿಗೆ, ಹರೆಯದವರಿಗೆ

ಸ್ಟಾರ್ಗಾರ್ಟ್ ಅನ್ನುವ ಮ್ಯಾಕುಲಾ ಕಾಯಿಲೆ ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನಲ್ಲೇ ಶುರುವಾಗುತ್ತದೆ, ವಂಶದಿಂದ ಬರುವುದು. ಇವರಿಗೆ ಬಿಸಿಲಿನಲ್ಲಿ ಯುವಿ ತಡೆಯುವ ಕನ್ನಡಕ, ಟೋಪಿ ಎರಡೂ ಬೇಕು ಅಂತ ಡಾಕ್ಟರುಗಳೇ ಹೇಳುತ್ತಾರೆ. ಕಣ್ಣಿಗೆ ಒಳ್ಳೆಯದು ಅಂತ ವಿಟಮಿನ್ ಎ ಮಾತ್ರೆ ಮಾತ್ರ ನೀವಾಗಿ ಕೊಡಬೇಡಿ, ಈ ಕಾಯಿಲೆಯಲ್ಲಿ ಅದು ಕೆಡುಕು. ಶಾಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರಿಸಲು, ಆಟದ ಬಯಲಿನಲ್ಲಿ ಬಣ್ಣದ ಕನ್ನಡಕ ಹಾಕಲು ಬಿಡಬೇಕು ಅಂತ ಟೀಚರಿಗೆ ಒಂದು ಪತ್ರ ಬರೆದುಕೊಡಿ. ಮಗು ತಾನಾಗಿ ಹೇಳುವುದಿಲ್ಲ, ಬೇರೆ ಮಕ್ಕಳು ನಗುತ್ತಾರೆ ಅಂತ ತೆಗೆದು ಬ್ಯಾಗಿನಲ್ಲಿ ಇಟ್ಟುಬಿಡುತ್ತದೆ.

ಅಂಗಡಿಯಲ್ಲಿ ಬಗೆಹರಿಯದಿದ್ದರೆ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಲೋ ವಿಷನ್ ಕ್ಲಿನಿಕ್, ಅಂದರೆ ದೃಷ್ಟಿ ಕಡಿಮೆ ಇರುವವರ ವಿಭಾಗ ಅಂತ ಕೇಳಿ. ಅಲ್ಲಿ ಬೇರೆ ಬೇರೆ ಬಣ್ಣದ ಫಿಲ್ಟರುಗಳ ಪೆಟ್ಟಿಗೆಯೇ ಇರುತ್ತದೆ, ಒಂದೊಂದಾಗಿ ಹಾಕಿ ನೋಡಿ ಹೇಳುತ್ತಾರೆ, ಭೂತಗನ್ನಡಿಯಂಥ ಓದುವ ಸಾಧನಗಳನ್ನೂ ತೋರಿಸುತ್ತಾರೆ. ಬೀದರ್, ಕಲಬುರಗಿ ಕಡೆಯವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಹತ್ತಿರ, ಅಲ್ಲಿ ಇದಕ್ಕೆಂದೇ ವಿಭಾಗ ಇದೆ. ರೆಟಿನಾ ಡಾಕ್ಟರು ತಾವಾಗಿ ಕಳುಹಿಸದಿದ್ದರೆ ನೀವೇ ಕೇಳಿ. ನಮಗೆ ಯಾರೂ ಹೇಳಿರಲಿಲ್ಲ.

ಕೊಂಡ ಮೇಲೆ ನೋಡಿಕೊಳ್ಳುವುದೂ ಇದೆ. ಗಾಜಿನ ಮೇಲಿನ ಒಂದೊಂದು ಗೀರೂ, ಬೆರಳಿನ ಎಣ್ಣೆ ಜಿಡ್ಡೂ ಬೆಳಕನ್ನು ಚೆದುರಿಸುತ್ತದೆ, ಅಂದರೆ ಯಾವುದನ್ನು ತಡೆಯಲು ದುಡ್ಡು ಕೊಟ್ಟೆವೋ ಅದೇ ವಾಪಸು ಬರುತ್ತದೆ. ಸೆರಗಿನಿಂದ, ಪಂಚೆಯ ಅಂಚಿನಿಂದ ಒಣ ಗಾಜನ್ನು ಉಜ್ಜಬೇಡಿ, ಧೂಳೇ ಗೀರು ಹಾಕುತ್ತದೆ. ಮೊದಲು ನಲ್ಲಿ ನೀರಿನಲ್ಲಿ ತೊಳೆದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಅಮ್ಮನ ಕನ್ನಡಕಕ್ಕೆ ಕೊರಳಿಗೆ ಹಾಕುವ ದಾರ ಕಟ್ಟಿದ್ದೇವೆ, ಮನೆಗೆ ಬಂದರೆ ಗೇಟಿನ ಪಕ್ಕದ ಮೊಳೆಗೆ ನೇತುಹಾಕುತ್ತಾರೆ. ಆ ಚಪ್ಪಡಿಯ ಅಂಚಿಗೆ ಎರಡು ಇಂಚು ಅಗಲದ ಹಳದಿ ಪೇಂಟಿನ ಪಟ್ಟಿಯನ್ನೂ ಬಳಿದಿದ್ದೇನೆ. ಜೇನುಬಣ್ಣದ ಗಾಜಿನಲ್ಲಿ ಅದು ಬೆಳ್ಳಗೆ ಕಾಣುತ್ತದಂತೆ. ಎರಡು ವರ್ಷವಾಯಿತು, ಅಲ್ಲಿ ಅಮ್ಮ ಒಂದು ಸಲವೂ ಎಡವಿಲ್ಲ.